ಹಳೆಯ ಯಂತ್ರ, ಹೊಸ ಹಾಡು

ಹಾಡು ಕೇಳಬೇಕಾದರೆ ಕಿವಿಯೊಂದಿದ್ದರೆ ಸಾಕು ಎಂಬ ಕಾಲವೊಂದಿತ್ತು. ಜಾತ್ರೆಯ ಚಪ್ಪರದಲ್ಲಿ ಹಾಡುವವನು ಹಾಡುತ್ತಿದ್ದನು. ಮುಂದೆ ಕುಳಿತವನೂ ಕೇಳುತ್ತಿದ್ದನು, ಬೇಲಿಯಾಚೆ ನಿಂತವನೂ ಕೇಳುತ್ತಿದ್ದನು. ಹಾಡು ಯಂತ್ರದೊಳಗೆ ಹೊಕ್ಕ ದಿನದಿಂದ ಈ ಸರಳತೆ ಮರೆಯಾಯಿತು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯ ಕಂಠ ಗ್ರಾಮಫೋನ್ ತಟ್ಟೆಗಾಗಿ ಮುದ್ರಣಗೊಂಡಿತು. ಆ ತಟ್ಟೆಯನ್ನು ಕೊಂಡವನು ಅದನ್ನು ಕಿವಿಗೆ ಹಿಡಿದು ಕೇಳುವಂತಿರಲಿಲ್ಲ. ಅದನ್ನು ತಿರುಗಿಸುವ ಪೆಟ್ಟಿಗೆಯೂ ಅವನ ಮನೆಯಲ್ಲಿರಬೇಕಾಗಿತ್ತು. 1948ರಲ್ಲಿ ನಿಮಿಷಕ್ಕೆ ಮೂವತ್ತಮೂರೂ ಕಾಲು ಭಾಗಕ್ಕಿಂತ ತುಸು ಹೆಚ್ಚು ಸುತ್ತು ತಿರುಗುವ ದೊಡ್ಡ ತಟ್ಟೆಗಳು ಅಮೆರಿಕದಲ್ಲಿ ಬಂದವು. 1949ರಲ್ಲಿ ಇನ್ನೊಂದು ಸಂಸ್ಥೆ 45 ಸುತ್ತಿನ ಸಣ್ಣ ತಟ್ಟೆಗಳನ್ನು ತಂದಿತು. 78 ಸುತ್ತಿನ ಹಳೆಯ ಪೆಟ್ಟಿಗೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದವರು ಹೊಸ ತಟ್ಟೆಗಳನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡಬೇಕಾಯಿತು. ಹಾಡು ಇದೆ, ಕಿವಿ ಇದೆ, ಯಂತ್ರವೂ ಇದೆ. ಆದರೆ ಯಂತ್ರಕ್ಕೂ ಹಾಡಿಗೂ ಹೊಂದಿಕೆಯಿಲ್ಲ. ಈ ಹಳೆಯ ತೊಡಕು ಈಗ ಹೊಸ ರೂಪವನ್ನು ತಾಳಿ ಮನೆಮನೆಗೆ ಬಂದಿದೆ.

ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿದ್ದಾರೆ. ಅವರ ಪತ್ನಿ ಬಾಲ್ಯದಲ್ಲಿ ಮೈಸೂರಿನಲ್ಲಿ ವೀಣೆ ಕಲಿತವರು. ಮನೆಯ ಕೆಲಸವೆಲ್ಲ ಮುಗಿದ ಮೇಲೆ ಸಂಜೆ ಒಂದು ಗಂಟೆ ವೀಣೆಯ ಮುಂದೆ ಕುಳಿತುಕೊಳ್ಳುವುದು ಅವರು ನಲವತ್ತು ವರ್ಷ ತಪ್ಪದೆ ನಡೆಸಿಕೊಂಡು ಬಂದ ವ್ರತವಾಗಿತ್ತು. ಸಂಧಿವಾತದಿಂದ ಬೆರಳುಗಳು ಸೆಟೆದುಕೊಂಡ ಮೇಲೆ ವೀಣೆ ಗವಸಿನೊಳಗೆ ಸೇರಿತು. ನುಡಿಸಲಾಗದವರಿಗೆ ಕೇಳುವುದೊಂದೇ ಉಳಿಯಿತು. ಕಿವಿಯೂ ಮೊದಲಿನಷ್ಟು ಚುರುಕಾಗಿರಲಿಲ್ಲ; ಕೈಫೋನಿನ ಸಣ್ಣ ದನಿಯಲ್ಲಿ ವೀಣೆಯ ಗಮಕ ಅವರಿಗೆ ಸೊಳ್ಳೆಯ ಗುಂಯ್‌ಗುಡುವಿಕೆಯಂತೆ ಕೇಳುತ್ತಿತ್ತು. ಮೇಷ್ಟ್ರು ಮೇಜಿನ ಮೇಲಿನ ಕಂಪ್ಯೂಟರಿಗೆ ಎರಡು ದೊಡ್ಡ ಧ್ವನಿಪೆಟ್ಟಿಗೆಗಳನ್ನು ತಂತಿಯಿಂದ ಜೋಡಿಸಿದರು. ಬೆಂಗಳೂರಿನಲ್ಲಿರುವ ಮಗನು, ಅಂತರಜಾಲದ ಮೂಲಕ ಸಂಗೀತವನ್ನು ಹರಿಸುವ ಒಂದು ಸಂಸ್ಥೆಗೆ ತಂದೆತಾಯಿಯರ ಹೆಸರಿನಲ್ಲಿ ಚಂದಾ ಕಟ್ಟಿದನು. ಅಂದಿನಿಂದ ಪ್ರತಿ ಸಂಜೆ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ವಾದನ ಆ ಮನೆಯ ಪಡಸಾಲೆಯಲ್ಲಿ ಕೇಳಿಬರತೊಡಗಿತು. ಆಕೆ ಕಣ್ಣುಮುಚ್ಚಿ ಕುಳಿತು, ಸೆಟೆದ ಬೆರಳುಗಳನ್ನೇ ತೊಡೆಯ ಮೇಲೆ ಮೆಲ್ಲನೆ ಆಡಿಸುವುದನ್ನು ಮೇಷ್ಟ್ರು ಓರೆಗಣ್ಣಿನಿಂದ ನೋಡಿ ತೃಪ್ತಿಪಡುತ್ತಿದ್ದರು.

ಆ ಕಂಪ್ಯೂಟರನ್ನು ನಡೆಸುತ್ತಿದ್ದುದು ವಿಂಡೋಸ್ 7. ಕಂಪ್ಯೂಟರಿನ ಬಿಡಿಭಾಗಗಳೆಲ್ಲ ಒಂದು ಊರಿನ ಜನರಿದ್ದಂತೆ. ಯಾರು ಯಾವಾಗ ಯಾವ ಕೆಲಸವನ್ನು ಮಾಡಬೇಕು, ಯಾರಿಗೆ ಎಷ್ಟು ಜಾಗ, ಯಾರ ಸರದಿ ಮೊದಲು ಎಂಬುದನ್ನು ನಿರ್ಧರಿಸುವ ಒಬ್ಬ ಯಜಮಾನನು ಅಲ್ಲಿ ಬೇಕು. ಆ ಯಜಮಾನಿಕೆಯನ್ನು ವಹಿಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ವಿಂಡೋಸ್ 7 ಹೊರಬಂದುದು 2009ರಲ್ಲಿ. 2020ರ ಜನವರಿ 14ರಂದು ಅದಕ್ಕೆ ರಕ್ಷಣೆಯ ತಿದ್ದುಪಡಿಗಳನ್ನು ಸಾರ್ವಜನಿಕರಿಗೆ ಕಳುಹಿಸುವುದನ್ನು ತಯಾರಕರು ನಿಲ್ಲಿಸಿದರು. ಯಂತ್ರ ಆ ದಿನ ಕೆಟ್ಟುಹೋಗಲಿಲ್ಲ. ಕಾವಲುಗಾರನಿಲ್ಲದ ಮನೆಯಂತಾಯಿತು, ಅಷ್ಟೆ. ಹೊಸ ವಿಂಡೋಸನ್ನು ಹೊರಲು ಮೇಷ್ಟ್ರ ಯಂತ್ರಕ್ಕೆ ಶಕ್ತಿ ಸಾಲದು. ಹೊಸ ಯಂತ್ರವನ್ನು ಕೊಳ್ಳಿರೆಂದು ಅಂಗಡಿಯವನು ಹೇಳಿದನು. "ಎತ್ತು ದುಡಿಯುತ್ತಿರುವಾಗಲೇ ಕಟುಕನಿಗೆ ಮಾರುವುದುಂಟೆ?" ಎಂದು ಮೇಷ್ಟ್ರು ಹಿಂದಿರುಗಿದರು.

ಆ ವರ್ಷ ಮಹಾಮಾರಿಯ ಕಾರಣದಿಂದ ನಗರಗಳ ಕಚೇರಿಗಳು ಮುಚ್ಚಿದವು. ಮೇಷ್ಟ್ರ ಹಳೆಯ ಶಿಷ್ಯನೊಬ್ಬನು ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದನು. ಗುರುಗಳ ಕಷ್ಟವನ್ನು ಕೇಳಿ ಅವನು, "ಸಾರ್, ಯಂತ್ರ ಹಳೆಯದಾದರೇನು, ಯಜಮಾನನನ್ನು ಬದಲಾಯಿಸೋಣ" ಎಂದನು. ಒಂದು ಮಧ್ಯಾಹ್ನದಲ್ಲಿ ವಿಂಡೋಸನ್ನು ತೆಗೆದು ಲಿನಕ್ಸನ್ನು ನೆಲೆಗೊಳಿಸಿದನು. ಮೇಷ್ಟ್ರು ಹಣವೆಷ್ಟೆಂದು ಕೇಳಿದರು. ಹಣವಿಲ್ಲವೆಂದಾಗ ಅವರಿಗೆ ಸಂತೋಷಕ್ಕಿಂತ ಸಂಶಯವೇ ಹೆಚ್ಚಾಯಿತು.

ಸಂಶಯಕ್ಕೆ ಕಾರಣವಿರಲಿಲ್ಲ. ತಂತ್ರಾಂಶವನ್ನು ಎಲ್ಲರೂ ಬಳಸುವಂತೆ, ಓದುವಂತೆ, ತಿದ್ದುವಂತೆ, ಹಂಚುವಂತೆ ಇರಬೇಕೆಂದು ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬುವರು 1983ರಲ್ಲಿಯೇ ಗ್ನೂ ಎಂಬ ಯೋಜನೆಯನ್ನು ಸಾರಿದ್ದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್, ತನ್ನ ಹವ್ಯಾಸಕ್ಕಾಗಿ ಒಂದು ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಬರೆದು ಜಗತ್ತಿನ ಮುಂದಿಟ್ಟನು. ಅವನಿಗೆ ಆಗ ಇಪ್ಪತ್ತೊಂದು ವರ್ಷ. ಕಂಡರಿಯದ ಸಾವಿರಾರು ಜನರು ಅದನ್ನು ತಿದ್ದಿದರು, ಬೆಳೆಸಿದರು. ಹನಿಗೂಡಿದರೆ ಹಳ್ಳ ಎಂಬಂತೆ ಅದು ಲಿನಕ್ಸ್ ಆಯಿತು. ಅದರ ರೂಪಗಳಲ್ಲಿ ಒಂದಕ್ಕೆ ಉಬುಂಟು ಎಂದು ಹೆಸರು; ದಕ್ಷಿಣ ಆಫ್ರಿಕದ ಭಾಷೆಗಳಲ್ಲಿ ಆ ಮಾತಿಗೆ ಇತರರೊಡನೆ ಬೆಸೆದುಕೊಂಡ ಮಾನವತೆ ಎಂಬ ಅರ್ಥವಿದೆ.

ಯಂತ್ರ ಮರುಜೀವ ಪಡೆಯಿತು. ಪತ್ರಗಳು ಬಂದವು, ಪತ್ರಿಕೆಗಳು ತೆರೆದವು, ಕನ್ನಡ ಅಕ್ಷರಗಳು ಮುದ್ದಾಗಿ ಮೂಡಿದವು. ಹಾಡೊಂದು ಮಾತ್ರ ಬರಲಿಲ್ಲ. ಸಂಗೀತ ಸಂಸ್ಥೆಯ ಪುಟದಲ್ಲಿ ವಿಂಡೋಸಿಗೆ ಒಂದು ತಂತ್ರಾಂಶವಿತ್ತು, ಮ್ಯಾಕಿಗೆ ಒಂದಿತ್ತು, ಕೈಫೋನುಗಳಿಗೆ ಎರಡು ಬಗೆಯವಿದ್ದವು. ಲಿನಕ್ಸಿಗೆ ಏನೂ ಇರಲಿಲ್ಲ. ಮೇಷ್ಟ್ರು ಸಂಸ್ಥೆಗೆ ಪತ್ರ ಬರೆದರು. ನಿಮ್ಮ ವ್ಯವಸ್ಥೆ ನಮ್ಮ ಪಟ್ಟಿಯಲ್ಲಿಲ್ಲ, ಆದ್ದರಿಂದ ಸಹಾಯ ಮಾಡಲಾಗದು ಎಂಬ ಅರ್ಥದ ವಿನಯಪೂರ್ವಕ ಉತ್ತರ ಬಂದಿತು. ಚಂದಾ ಹಣವನ್ನು ಪಡೆಯುವಾಗ ಯಾವ ಪಟ್ಟಿಯನ್ನೂ ನೋಡದವರು ಹಾಡನ್ನು ಕೊಡುವಾಗ ಪಟ್ಟಿಯನ್ನು ತೆರೆದುದು ಮೇಷ್ಟ್ರಿಗೆ ಖೇದವನ್ನುಂಟುಮಾಡಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬುದು ಇದಕ್ಕೇ ಅಲ್ಲವೆ? ಆ ಸಂಜೆ ಪಡಸಾಲೆ ನಿಶ್ಶಬ್ದವಾಗಿತ್ತು. ಆಕೆ ಏನನ್ನೂ ಕೇಳಲಿಲ್ಲ; ಗವಸು ಹೊದ್ದ ವೀಣೆಯ ಮೇಲಿನ ದೂಳನ್ನು ಒರೆಸಿ ಒಳಗೆ ಹೋದರು.

ಪಟ್ಟಿಯಲ್ಲಿಲ್ಲ ಎಂಬ ಮಾತಿಗೆ ಎರಡು ಮುಖಗಳುಂಟು. ಅದು ಕೇವಲ ದರ್ಪದ ಮಾತೆಂದು ತಿಳಿಯುವುದು ಸರಿಯಲ್ಲ. ಒಂದು ವ್ಯವಸ್ಥೆಗೆ ಆಸರೆ ಕೊಡುತ್ತೇವೆಂದು ಸಾರಿದ ಮೇಲೆ ಅದರಲ್ಲಿ ತಲೆದೋರುವ ಪ್ರತಿಯೊಂದು ದೋಷಕ್ಕೂ ಉತ್ತರ ಹೇಳುವ ಹೊಣೆ ಸಂಸ್ಥೆಯ ಮೇಲೆ ಬೀಳುತ್ತದೆ. ಲಿನಕ್ಸ್ ಒಂದೇ ಆದರೂ ಅದರ ರೂಪಗಳು ನೂರಾರು. ಧ್ವನಿಯನ್ನು ಹೊರಡಿಸುವ ವಿಧಾನವೂ ಎಲ್ಲದರಲ್ಲಿ ಒಂದೇ ಬಗೆಯಾಗಿಲ್ಲ. ಮೇಜಿನ ಕಂಪ್ಯೂಟರುಗಳಲ್ಲಿ ಅದನ್ನು ಬಳಸುವವರು ನೂರಕ್ಕೆ ಕೆಲವರೇ. ನಾಲ್ಕು ಮನೆಗಳಿರುವ ಹಳ್ಳಿಗೆ ದಿನವೂ ಬಸ್ಸು ಓಡಿಸಬೇಕೆಂದರೆ ಸಾರಿಗೆಯವರು ಲೆಕ್ಕ ಹಾಕುವುದು ಸಹಜ. ಇದರ ಜೊತೆಗೆ ಇನ್ನೊಂದು ಕಟ್ಟು ಇದೆ. ಹಾಡುಗಳ ಒಡೆಯರು ಧ್ವನಿಮುದ್ರಣ ಸಂಸ್ಥೆಗಳು. ಹರಿದುಬರುವ ಹಾಡನ್ನು ಯಾರೂ ಹಿಡಿದಿಟ್ಟುಕೊಂಡು ಹಂಚಬಾರದೆಂಬುದು ಅವರ ಷರತ್ತು. ಅದಕ್ಕಾಗಿ ಹಾಡಿಗೆ ಸಂಕೇತದ ಬೀಗವನ್ನು ಹಾಕಿ ಕಳುಹಿಸುತ್ತಾರೆ. ಬೀಗವನ್ನು ತೆರೆಯುವ ಗುಟ್ಟು ಕೇಳುವವನ ಯಂತ್ರದಲ್ಲಿ ಅಡಗಿರಬೇಕು. ಎಲ್ಲವನ್ನೂ ತೆರೆದು ತೋರಿಸುವುದೇ ಲಿನಕ್ಸಿನ ಧರ್ಮ. ಕೆಲವನ್ನು ಮುಚ್ಚಿಡುವುದು ಬೀಗದ ಧರ್ಮ. ಎರಡಕ್ಕೂ ಸುಲಭವಾಗಿ ಹೊಂದಿಕೆಯಾಗದು.

ಆದರೂ ಒಂದು ವಿಪರೀತ ಇಲ್ಲಿದೆ. ಪಟ್ಟಿಯಿಂದ ಹೊರಗಿಟ್ಟ ಲಿನಕ್ಸೇ ಇಂಥ ಸೇವೆಗಳ ಅಡಿಗಲ್ಲು. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ 2006ರಲ್ಲಿ ಸ್ಥಾಪನೆಯಾದ ಸ್ಪಾಟಿಫೈ ಎಂಬ ಪ್ರಸಿದ್ಧ ಸಂಸ್ಥೆಯನ್ನೇ ನೋಡಬಹುದು. 2008ರ ಅಕ್ಟೋಬರಿನಲ್ಲಿ ಅದು ಯೂರೋಪಿನ ಕೆಲವು ದೇಶಗಳಲ್ಲಿ ಸೇವೆಯನ್ನು ತೆರೆಯಿತು. ಭಾರತಕ್ಕೆ ಬಂದುದು 2019ರ ಫೆಬ್ರವರಿಯಲ್ಲಿ. ಹಾಡುಗಳನ್ನು ಇಟ್ಟು ಕಳುಹಿಸುವ ಅದರ ಸರ್ವರ್ ಯಂತ್ರಗಳು ನಡೆಯುತ್ತಿದ್ದುದು ಲಿನಕ್ಸಿನ ಮೇಲೆ. ಹಾಡುಗಳನ್ನು ಕುಗ್ಗಿಸಿ ಕಳುಹಿಸಲು ಅದು ಆರಿಸಿಕೊಂಡ ಆಗ್ ವೋರ್ಬಿಸ್ ಎಂಬ ವಿಧಾನವೂ ಯಾರ ಸ್ವತ್ತೂ ಅಲ್ಲದ, 2002ರಲ್ಲಿ ಪೂರ್ಣರೂಪ ಪಡೆದ, ಮುಕ್ತ ತಂತ್ರಾಂಶದ ಬಳಗದ ಕೊಡುಗೆ. ಮೊದಲು ಲಿನಕ್ಸಿನವರಿಗೆ ಅಲ್ಲಿ ಪ್ರತ್ಯೇಕ ಬಾಗಿಲಿರಲಿಲ್ಲ. ವಿಂಡೋಸಿಗಾಗಿ ಬರೆದ ತಂತ್ರಾಂಶವನ್ನು ಲಿನಕ್ಸಿನಲ್ಲಿ ನಡೆಸುವ ವೈನ್ ಎಂಬ ಸಾಧನವೊಂದುಂಟು. 1993ರಲ್ಲಿ ಆರಂಭವಾದ ಅದರ ನೆರವಿನಿಂದ ಜನರು ಹಾಡನ್ನು ಬರಮಾಡಿಕೊಳ್ಳುತ್ತಿದ್ದರು. ಅದು ದುಭಾಷಿಯ ಮೂಲಕ ಮಾತನಾಡಿದಂತೆ. 2010ರ ಜುಲೈನಲ್ಲಿ ಆ ಸಂಸ್ಥೆ ಲಿನಕ್ಸಿಗೂ ಒಂದು ತಂತ್ರಾಂಶವನ್ನು ಪರೀಕ್ಷಾರ್ಥವಾಗಿ ಹೊರತಂದಿತು. ಅದನ್ನು ಮಾಡಿದವರು ಅಲ್ಲಿಯ ಎಂಜಿನಿಯರುಗಳೇ. ತಮ್ಮ ಕೆಲಸದ ಯಂತ್ರಗಳಲ್ಲಿ ಲಿನಕ್ಸ್ ಇದ್ದುದರಿಂದ, ತಾವೂ ಹಾಡು ಕೇಳಬೇಕೆಂಬ ಆಸೆಯಿಂದ, ಬಿಡುವಿನ ವೇಳೆಯಲ್ಲಿ ಅದನ್ನು ಬರೆದರು. ಜಾಹೀರಾತನ್ನು ತೋರಿಸುವ ಸರಿಯಾದ ದಾರಿ ದೊರೆಯದೆ ಇದ್ದುದರಿಂದ ಮೊದಲು ಅದನ್ನು ಚಂದಾ ಕಟ್ಟುವವರಿಗೆ ಮಾತ್ರ ಕೊಟ್ಟರು. ಇದು ಪ್ರೀತಿಯಿಂದ ಮಾಡಿದ ಕೆಲಸ, ಇದಕ್ಕೆ ಸಂಸ್ಥೆಯ ಪೂರ್ಣ ಆಸರೆಯಿಲ್ಲ ಎಂದು ಮುಚ್ಚುಮರೆಯಿಲ್ಲದೆ ತಿಳಿಸಿದರು. ಆ ಪ್ರೀತಿಯ ಕೆಲಸ ಒಂದು ದಶಕವನ್ನು ದಾಟಿಯೂ ನಡೆದುಬಂದಿದೆ.

ಸಂಸ್ಥೆಗಳು ಕೈಹಾಕದ ಕೆಲಸವನ್ನು ಒಬ್ಬಿಬ್ಬರ ಪ್ರೀತಿ ಆರಂಭಿಸುವುದು ಹೊಸದೇನೂ ಅಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಒಂದು ಪುಟ್ಟ ಬಾನುಲಿ ಕೇಂದ್ರವನ್ನು ನಡೆಸತೊಡಗಿದರು. ಆಕಾಶವಾಣಿ ಎಂಬ ಹೆಸರು ಆ ಕೇಂದ್ರದ್ದು. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು.

ಮೇಷ್ಟ್ರ ಮನೆಗೂ ಇಂಥದೇ ಒಂದು ಪ್ರೀತಿ ಒದಗಿಬಂದಿತು. ಶಿಷ್ಯನು ಮೊದಲು ಬ್ರೌಸರಿನ ಮೂಲಕ ಹಾಡನ್ನು ತೆರೆಯಲು ನೋಡಿದನು. ರಕ್ಷಿತ ಹಾಡನ್ನು ನುಡಿಸಲಾಗದು ಎಂಬ ಸೂಚನೆ ಮೂಡಿತು. ಬೀಗ ತೆರೆಯುವ ಭಾಗವನ್ನು ಬಳಸಲು ಬ್ರೌಸರಿಗೆ ಅಪ್ಪಣೆ ಕೊಟ್ಟಾಗ ಹಾಡು ಬಂದಿತು. ಆದರೆ ಹಳೆಯ ಯಂತ್ರದ ಕಿರಿದಾದ ನೆನಪಿನಲ್ಲಿ ಬ್ರೌಸರಿನ ಭಾರವನ್ನು ಹೊತ್ತು ಅದು ಏದುಸಿರು ಬಿಡುತ್ತಿತ್ತು. ರಾಗದ ನಡುವೆ ಬಿಕ್ಕಳಿಕೆ ಬರುತ್ತಿತ್ತು. ವೀಣೆ ಬಲ್ಲವರ ಕಿವಿಗೆ ಮೌನವನ್ನು ಸಹಿಸುವುದು ಸಾಧ್ಯ, ಬಿಕ್ಕಳಿಕೆಯನ್ನು ಸಹಿಸುವುದು ಸಾಧ್ಯವಿಲ್ಲ. "ಸಾಕು, ನಿಲ್ಲಿಸಿಬಿಡಿ" ಎಂದು ಆಕೆ ಹೇಳಿದರು. ಆಗ ಶಿಷ್ಯನು ಹುಡುಕಿ, ಅದೇ ಸೇವೆಯ ಚಂದಾದಾರರಿಗಾಗಿ ಸ್ವಯಂಸೇವಕರು ಕೆಲವರು ಬರೆದ ಹಗುರವಾದ ತಂತ್ರಾಂಶವೊಂದನ್ನು ತಂದು ಹಾಕಿದನು. ಪಡಸಾಲೆಯಲ್ಲಿ ಮತ್ತೆ ವೀಣೆ ನುಡಿಯಿತು. ಕಚೇರಿ ತೆರೆದ ಮೇಲೆ ಶಿಷ್ಯನು ನಗರಕ್ಕೆ ಮರಳಿದನು.

ಎರಡು ವರ್ಷ ಹೀಗೆ ಸುಖವಾಗಿ ಕಳೆಯಿತು. ಒಂದು ಸಂಜೆ ತಂತ್ರಾಂಶ ತೆರೆಯಿತು, ಹಾಡುಗಳ ಪಟ್ಟಿ ಬಾರದೆ ಹೋಯಿತು. ಶಿಷ್ಯನು ಆಗ ಪರದೇಶದಲ್ಲಿದ್ದನು. ಮೇಷ್ಟ್ರು ಕನ್ನಡಕವನ್ನು ಒರೆಸಿಕೊಂಡು ತಾವೇ ಕುಳಿತರು. ಎಪ್ಪತ್ತು ದಾಟಿದ ಅವರು ಜೀವಮಾನವೆಲ್ಲ ಮಕ್ಕಳಿಗೆ ಹೇಳಿದ್ದು ಒಂದೇ ಮಾತು: ಲೆಕ್ಕ ಬಿಡಿಸಲು ಬಾರದಿದ್ದರೆ, ಕೊಟ್ಟಿರುವುದೇನು, ಕೇಳಿರುವುದೇನು ಎಂದು ಮೊದಲು ಬರೆದುಕೋ. ಆ ಪಾಠ ಈಗ ಅವರಿಗೇ ಉಪಯೋಗಕ್ಕೆ ಬಂದಿತು. ಪರದೆಯ ಮೇಲೆ ಮೂಡಿದ ಇಂಗ್ಲಿಷ್ ಸಾಲುಗಳನ್ನು ಒಂದು ನೋಟುಪುಸ್ತಕದಲ್ಲಿ ಅಕ್ಷರ ಬಿಡದೆ ಬರೆದುಕೊಂಡರು. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡರು.

ಮೂರು ಸಂಜೆಗಳ ಶೋಧನೆಯಿಂದ ತೊಡಕಿನ ಎಳೆಗಳು ಬಿಡಿಬಿಡಿಯಾದವು. ಸಂಗೀತ ಸಂಸ್ಥೆ ತನ್ನ ಬಾಗಿಲಿನ ಅಗುಳಿಯನ್ನು ಬದಲಾಯಿಸಿತ್ತು. ಸ್ವಯಂಸೇವಕರು ಅದಕ್ಕೆ ತಕ್ಕಂತೆ ತಂತ್ರಾಂಶವನ್ನು ತಿದ್ದಿ ಹೊಸ ಆವೃತ್ತಿಯನ್ನು ಉಗ್ರಾಣದಲ್ಲಿ ಇಟ್ಟಿದ್ದರು. ಆದರೆ ಅದು ಮೇಷ್ಟ್ರ ಯಂತ್ರಕ್ಕೆ ಬಂದು ಸೇರಿರಲಿಲ್ಲ. ಲಿನಕ್ಸಿನಲ್ಲಿ ತಂತ್ರಾಂಶಗಳನ್ನು ಉಗ್ರಾಣಗಳಿಂದ ತರಿಸುವುದು ರೂಢಿ. ಉಗ್ರಾಣದವರು ತಾವು ಕಳುಹಿಸುವುದಕ್ಕೆಲ್ಲ ತಮ್ಮ ಗುರುತಿನ ಮುದ್ರೆಯನ್ನು ಒತ್ತುತ್ತಾರೆ. ಅಂಚೆಯ ಕಟ್ಟಿನ ಮೇಲಿನ ಅರಗಿನ ಮುದ್ರೆಯಂತೆ ಅದು. ದಾರಿಯಲ್ಲಿ ಯಾರೂ ಕಟ್ಟನ್ನು ಬಿಚ್ಚಿ ಬೇರೇನನ್ನೂ ತುಂಬಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ಮುದ್ರೆಯನ್ನು ಪರೀಕ್ಷಿಸುವ ಕೀಲಿಯೊಂದು ತರಿಸಿಕೊಳ್ಳುವವನ ಯಂತ್ರದಲ್ಲಿರುತ್ತದೆ. ಆ ಕೀಲಿಗೆ ಅವಧಿಯುಂಟು. ಮೇಷ್ಟ್ರ ಯಂತ್ರದಲ್ಲಿದ್ದ ಕೀಲಿಯ ಅವಧಿ ಮುಗಿದಿತ್ತು. ಉಗ್ರಾಣದವರು ಹೊಸ ಕೀಲಿಯನ್ನು ಮಾಡಿದ್ದರು. ಅದು ಈ ಮನೆಗೆ ತಿಳಿದಿರಲಿಲ್ಲ. ಆದ್ದರಿಂದ ಗುರುತು ಸಿಕ್ಕದ ಕಟ್ಟನ್ನು ಯಂತ್ರ ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳುಹಿಸುತ್ತಿತ್ತು. ಯಂತ್ರ ತಪ್ಪು ಮಾಡಿರಲಿಲ್ಲ. ನಂಬಿಗಸ್ತ ಕಾವಲುಗಾರನು ಮಾಡಬೇಕಾದುದನ್ನೇ ಮಾಡಿತ್ತು.

ಮುದ್ರೆಯ ಪರೀಕ್ಷೆಯನ್ನೇ ತೆಗೆದುಹಾಕಿಬಿಡಿ, ಎಲ್ಲ ಸರಿಹೋಗುತ್ತದೆ ಎಂಬ ಸುಲಭದ ಸಲಹೆಯೂ ಅವರ ಕಣ್ಣಿಗೆ ಬಿದ್ದಿತು. ಮೇಷ್ಟ್ರು ಅದನ್ನು ಒಪ್ಪಲಿಲ್ಲ. ಬೀಗ ಕೆಟ್ಟಿತೆಂದು ಬಾಗಿಲನ್ನೇ ಕಿತ್ತುಹಾಕುವುದು ಬುದ್ಧಿವಂತಿಕೆಯಲ್ಲ. ಹೊಸ ಕೀಲಿಯ ಗುರುತಿನ ಸಂಖ್ಯೆಯನ್ನು ಸ್ವಯಂಸೇವಕರು ಪ್ರಕಟಿಸಿದ್ದ ಕಡೆ ಹುಡುಕಿ, ತಮ್ಮ ಯಂತ್ರಕ್ಕೆ ಬಂದ ಕೀಲಿಯ ಸಂಖ್ಯೆಯೊಡನೆ ಅಂಕಿಗೆ ಅಂಕಿ ಹೋಲಿಸಿ ನೋಡಿದರು. ಪತ್ನಿ ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಓದಿದರು, ಮೇಷ್ಟ್ರು ಪರದೆಯ ಮೇಲೆ ಬೆರಳಿಟ್ಟು "ಸರಿ, ಮುಂದೆ" ಎನ್ನುತ್ತಿದ್ದರು. ಮುದಿ ದಂಪತಿಗಳು ದೀಪದ ಕೆಳಗೆ ಕುಳಿತು, ಯಾವುದೋ ದೂರದ ದೇಶದವರು ಇಟ್ಟ ಅಂಕಿಗಳನ್ನು ಜಪದಂತೆ ಹೇಳುತ್ತಿದ್ದ ಆ ನೋಟ ವಿಚಿತ್ರವಾಗಿತ್ತು. ಎಲ್ಲವೂ ಹೊಂದಿತು. ಎರಡು ಸಾಲುಗಳ ಆಜ್ಞೆಯನ್ನು ಬರೆದು ಗುಂಡಿ ಒತ್ತಿದರು. ಹೊಸ ಆವೃತ್ತಿ ಬಂದಿತು. ಒಂದು ಕ್ಷಣದ ಮೌನದ ನಂತರ ತಂತಿಯ ಮೀಟು ಕೇಳಿಸಿತು. "ಶ್ರುತಿ ಸರಿಯಾಗಿದೆ" ಎಂದು ಆಕೆ ಅಂದರು. ಹಾಡು ಬಂತೆಂದಲ್ಲ, ಶ್ರುತಿ ಸರಿಯಾಗಿದೆಯೆಂದು!

ಮೇಷ್ಟ್ರಿಗೆ ಅಂದು ರಾತ್ರಿ ನಿದ್ರೆ ಬೇಗ ಬರಲಿಲ್ಲ. ಚಂದಾ ಪಡೆದವರು ಉತ್ತರಿಸಲಿಲ್ಲ. ಏನನ್ನೂ ಪಡೆಯದವರು ಉತ್ತರಿಸಿದ್ದರು. ಆ ಎರಡು ಸಾಲುಗಳನ್ನು ಬರೆದಿಟ್ಟವರು ಯಾರೋ ತಿಳಿಯದು. ಅವರ ದೇಶ, ಭಾಷೆ, ವಯಸ್ಸು ಯಾವುದೂ ಗೊತ್ತಿಲ್ಲ. ತಮಗೆ ಬಂದ ಕಷ್ಟ ಇನ್ನೊಬ್ಬರಿಗೂ ಬಂದೀತೆಂದು ಯೋಚಿಸಿ ನಾಲ್ಕು ನಿಮಿಷ ಹೆಚ್ಚು ಕುಳಿತು ಬರೆದವರು, ಅಷ್ಟೆ. ಆಸರೆಯೆಂಬುದು ಕರಾರುಪತ್ರದಲ್ಲಿ ಮಾತ್ರ ಇರುವುದಿಲ್ಲವೆಂದು ಅವರಿಗೆ ತೋರಿತು. ಆದರೆ ಅವರು ಗಣಿತದವರು. ಒಂದು ಕಡೆಯನ್ನಷ್ಟೇ ಕೂಡಿಸಿ ಬಿಡುವವರಲ್ಲ. ಈ ಆಸರೆಗೆ ಖಾತರಿಯಿಲ್ಲವೆಂಬುದನ್ನೂ ಅವರು ಬಲ್ಲರು. ನಾಳೆ ಆ ಸ್ವಯಂಸೇವಕನಿಗೆ ಬಿಡುವಿಲ್ಲದೆ ಹೋಗಬಹುದು, ಕಾಯಿಲೆ ಬರಬಹುದು, ಆಸಕ್ತಿಯೇ ಬತ್ತಬಹುದು. ಅವನನ್ನು ಏಕೆಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಹರಿದುಬರುವ ಹಾಡಾದರೂ ಬಾಡಿಗೆಯ ಮನೆಯಿದ್ದಂತೆ; ಚಂದಾ ನಿಂತ ದಿನ ಹಾಡೂ ನಿಲ್ಲುತ್ತದೆ. ಹಾಗಾದರೆ ಖಾತರಿಯಿಲ್ಲದ ಆಸರೆಯನ್ನು ನಂಬುವ ಬಗೆ ಹೇಗೆ? ಪಡೆಯುವವರೆಲ್ಲ ಪಡೆಯುವುದರಲ್ಲೇ ನಿಂತರೆ ಅದು ಬಹುಕಾಲ ನಿಲ್ಲದು. ಪಡೆದವರಲ್ಲಿ ಕೆಲವರಾದರೂ ಕೊಡುವವರಾದರೆ ಮಾತ್ರ ಅದು ಬಾಳುತ್ತದೆ.

ಮರುದಿನ ಅವರು ನೋಟುಪುಸ್ತಕದ ಹೊಸ ಹಾಳೆಯನ್ನು ತೆರೆದರು. ತೊಂದರೆ ಏನು, ಕಾರಣ ಏನು, ಕೀಲಿಯನ್ನು ಹೋಲಿಸುವುದು ಹೇಗೆ, ಯಾವ ಸಲಹೆಯನ್ನು ಏಕೆ ಪಾಲಿಸಬಾರದು ಎಂಬುದನ್ನೆಲ್ಲ ಹಂತಹಂತವಾಗಿ ಕನ್ನಡದಲ್ಲಿ ಬರೆದರು. ಪಾಠದ ಟಿಪ್ಪಣಿಯನ್ನು ಮೂವತ್ತೈದು ವರ್ಷ ಬರೆದ ಕೈ ಅದು. ಒಂದು ಮಾತೂ ಹೆಚ್ಚಾಗಲಿಲ್ಲ, ಒಂದೂ ಕಡಿಮೆಯಾಗಲಿಲ್ಲ. ಅದನ್ನು ಟೈಪು ಮಾಡಿ ಶಿಷ್ಯನಿಗೆ ಕಳುಹಿಸಿ, ಬೇಕಾದವರಿಗೆ ತಲುಪಿಸೆಂದು ತಿಳಿಸಿದರು. ಸ್ವಯಂಸೇವಕರಿಗೂ ಒಂದು ಪತ್ರ ಬರೆದು ಕೃತಜ್ಞತೆಯನ್ನು ಹೇಳಿದರು. ಅವರ ಬಗೆಯ ಮನೆಯಲ್ಲಿ ಆ ತಂತ್ರಾಂಶ ಯಾವ ಕೆಲಸವನ್ನು ಮಾಡುತ್ತಿದೆ ಎಂಬುದನ್ನು ಮಾತ್ರ ಬರೆದರು, ಹೊಗಳಿಕೆಯನ್ನು ಸೇರಿಸಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ದೂರವಾಣಿ ಬಂದಿತು. ಬಯಲುಸೀಮೆಯ ಯಾವುದೋ ಊರಿನ ಹುಡುಗಿ. ಅಣ್ಣ ಬಿಟ್ಟುಹೋದ ಹಳೆಯ ಕಂಪ್ಯೂಟರ್ ಮನೆಯಲ್ಲಿದೆ, ಅದರಲ್ಲಿ ಲಿನಕ್ಸ್ ಇದೆ, ಹಾಡು ಬರುತ್ತಿಲ್ಲ, ನಿಮ್ಮ ಬರಹ ಯಾರೋ ಕೊಟ್ಟರು ಎಂದಳು. ಸಂಗೀತದ ಪರೀಕ್ಷೆಗೆ ಕಟ್ಟಿದ್ದೇನೆ, ಪಾಠಗಳನ್ನು ಕೇಳಿ ಕಲಿಯಬೇಕು ಎಂದೂ ಹೇಳಿದಳು.

"ನೋಡಮ್ಮಾ, ಪರದೆಯ ಮೇಲೆ ಏನು ಬಂದಿದೆಯೋ ಅದನ್ನು ಒಂದಕ್ಷರವೂ ಬಿಡದೆ ಓದು" ಎಂದರು ಮೇಷ್ಟ್ರು.

"ಅದೆಲ್ಲಾ ಇಂಗ್ಲಿಷಿನಾಗೈತಿ ರೀ ಸರ. ನನಗ ಅರ್ಥ ಆಗಂಗಿಲ್ಲ."

"ಅರ್ಥ ಆಮೇಲೆ ಆಗುತ್ತದೆ. ಮೊದಲು ಓದು. ನಾನೂ ಹಾಗೆಯೇ ಆರಂಭಿಸಿದ್ದು."

ಹುಡುಗಿ ತಡವರಿಸುತ್ತ ಓದತೊಡಗಿದಳು. ಮೇಷ್ಟ್ರು ನೋಟುಪುಸ್ತಕವನ್ನು ಮುಂದಕ್ಕೆ ಎಳೆದುಕೊಂಡರು. ಹೊತ್ತು ಮುಳುಗುತ್ತಿತ್ತು, ವೀಣೆಯ ಸಮಯವಾಗಿತ್ತು. ಪಡಸಾಲೆಯಲ್ಲಿ ಕಾದು ಕುಳಿತಿದ್ದ ಪತ್ನಿ ಒಳಗಿನ ಮಾತುಗಳನ್ನು ಕೇಳಿಸಿಕೊಂಡರು. ಅವರು ಕರೆಯಲಿಲ್ಲ. ಇನ್ನೊಂದು ಮನೆಯಲ್ಲಿ ಹಾಡು ಆರಂಭವಾಗುವವರೆಗೆ ತಮ್ಮ ಹಾಡು ಕಾಯಬಹುದೆಂದು ಸುಮ್ಮನೆ ಕುಳಿತರು.